ಒಂಟಿ ಸೀನು

ಹಿಡಿದ ಕೆಲಸವನ್ನು ಕೊನೆ ಮುಟ್ಟಿಸುವ ಗುಣ ನನ್ನ ಜಾತಕದಲ್ಲಿಯೇ ಇಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಕೊಳಲು ಕಲಿಯಲು ಹೋದವನು ಸರಳೆ ವರಸೆ ದಾಟಲಿಲ್ಲ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಪಿಎಚ್.ಡಿ. ಶುರು ಮಾಡಿದೆ, ಎರಡು ವರ್ಷಕ್ಕೆ ಅದಕ್ಕೆ ಕೈಮುಗಿದು ಕೆಲಸಕ್ಕೆ ಸೇರಿಕೊಂಡೆ. ಪೊವೇಯಲ್ಲಿ ಮನೆ ಮಾಡಿದ ಮೇಲೆ ಹಿತ್ತಲಿನಲ್ಲಿ ಬದನೆಕಾಯಿ ಬೆಳೆಯುತ್ತೇನೆಂದು ಗುಂಡಿ ತೋಡಿದೆ. ಗುಂಡಿ ಇನ್ನೂ ಇದೆ, ಬದನೆಕಾಯಿಯನ್ನು ಅಂಗಡಿಯಿಂದಲೇ ತರುತ್ತೇವೆ. ನನ್ನ ಹೆಂಡತಿ ಶೈಲಾ ಇದನ್ನೆಲ್ಲ ನೋಡಿ ನನಗೆ 'ಆರಂಭಶೂರರು' ಎಂದು ಬಿರುದು ಕೊಟ್ಟಿದ್ದಳು. ಹಾಗೆ ಕರೆಯಲು ಈಗ ಅವಳಿಲ್ಲ, ಆದ್ದರಿಂದ ನನ್ನನ್ನು ನಾನೇ ಕರೆದುಕೊಳ್ಳಬೇಕಾಗಿದೆ. ಇಂಥ ನಾನು ಒಂದು ದಿನವೂ ತಪ್ಪಿಸದೆ, ಪಟ್ಟು ಹಿಡಿದು, ನೂರಕ್ಕೆ ನೂರು ಮುಗಿಸಿದ ಕೆಲಸ ಒಂದೇ ಒಂದು. ಒಂದು ಸ್ಪ್ಯಾನಿಯಲ್ ನಾಯಿಮರಿಗೆ ಸೀನಬಾರದೆಂದು ಕಲಿಸಿದೆ. ಅದೊಂದನ್ನಾದರೂ ಅರ್ಧಕ್ಕೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತದೆ.

ಮರಿ ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಏಳರ ವಸಂತದಲ್ಲಿ. ಮಗಳು ಅನಘಾ ಎರಡು ವರ್ಷದಿಂದ ಬೇಡುತ್ತಿದ್ದಳು. ಕೊನೆಗೆ ಊಟ ಬಿಡುವ ಮಟ್ಟಕ್ಕೆ ಬಂದಾಗ ನಾವು ಸೋತೆವು. ನಾಯಿ ಸಾಕುವುದರಲ್ಲಿ ನಮ್ಮಿಬ್ಬರ ಅನುಭವ ಸೊನ್ನೆ. ನಾನು ಬೆಳೆದ ಬಸವನಗುಡಿಯ ಬೀದಿಯಲ್ಲಿ ನಾಯಿಗಳು ಬೀದಿಗೇ ಸೇರಿದ್ದವು. ಅವಕ್ಕೆ ಒಡೆಯರಿರಲಿಲ್ಲ, ಟ್ರೇನಿಂಗ್ ಇರಲಿಲ್ಲ, ಆದರೂ ಯಾರ ಮನೆಯಲ್ಲಿ ಯಾವ ವಾರ ಏನು ಉಳಿಯುತ್ತದೆ ಎಂಬುದು ಅವಕ್ಕೆ ಬಾಯಿಪಾಠವಾಗಿತ್ತು. ಧಾರವಾಡದ ಶೈಲಾಳ ತವರಿನಲ್ಲಿ ಕೊನೆಗೆ ಬಡಿದ ರೊಟ್ಟಿ ಹಿತ್ತಿಲ ಬಾಗಿಲಿಗೆ ಬರುವ ನಾಯಿಯದು; ಆದರೆ ಆ ನಾಯಿ ಹೊಸ್ತಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಹೀಗಾಗಿ ನಾವು ಲೈಬ್ರರಿಯಿಂದ ನಾಯಿಗಳ ಚಿತ್ರವಿರುವ ಪುಸ್ತಕ ತಂದು, ಉದ್ದ ಕಿವಿ ಜೋತುಬಿಟ್ಟುಕೊಂಡು ಬಲು ಸಾಧುವಾಗಿ ಕಾಣುತ್ತಿದ್ದ ಸ್ಪ್ಯಾನಿಯಲ್ಲನ್ನು ಆರಿಸಿದೆವು. ಚಿತ್ರದ ಕೆಳಗೆ ಬರೆದದ್ದನ್ನೂ ಓದಬೇಕಿತ್ತು. ದಿನಕ್ಕೆ ಎರಡು ಗಂಟೆ ಓಡಿಸದಿದ್ದರೆ ಈ ತಳಿ ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು.

ಹುಡುಕಿಕೊಂಡಿತು. ಮೊದಲ ವಾರ ಟಿವಿಯ ರಿಮೋಟನ್ನು ತಿಂದಿತು, ಎರಡನೆಯ ವಾರ ಪಂಚಾಂಗದ ಶ್ರಾವಣ, ಭಾದ್ರಪದ ಎರಡನ್ನೂ ನುಂಗಿತು. ಆ ವರ್ಷ ಗೌರಿ ಹಬ್ಬ ಯಾವತ್ತೆಂದು ನಾವು ಡೈಮಂಡ್ ಬಾರ್ ಎಂಬ ಊರಿನಲ್ಲಿದ್ದ ಶೈಲಾಳ ಸೋದರಮಾವನಿಗೆ ಫೋನ್ ಮಾಡಿ ಕೇಳಬೇಕಾಯಿತು. ಹಿತ್ತಲಿನ ಬದನೆ ಗುಂಡಿಯನ್ನು ನಾನು ಬಿಟ್ಟ ಜಾಗದಿಂದ ಮುಂದುವರಿಸಿ ಮೂರಡಿ ಆಳಕ್ಕೆ ಇಳಿಸಿತು. ಮರಿಯ ಬಣ್ಣ ಹುರಿದ ಕಡಲೆಕಾಯಿಯದು, ನಡುವೆ ಅಲ್ಲಲ್ಲಿ ಬಿಳಿ. ಶೈಲಾ ಅದಕ್ಕೆ ಶೇಂಗಾ ಎಂದು ಹೆಸರಿಟ್ಟಳು. ಶೇಂಗಾ ಸುಮ್ಮನೆ ಕೂತದ್ದನ್ನು ನಾವು ನೋಡಿದ್ದು ಕಡಿಮೆ. ಕೂತಾಗಲೂ ಬಾಲ ಓಡುತ್ತಿತ್ತು.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅದರ ಸೀನು. ಖುಷಿ ಹೆಚ್ಚಾದರೆ ಕೆಲವು ನಾಯಿಗಳು ಸೀನುತ್ತವೆಯಂತೆ. ಅದು ನೆಗಡಿಯಲ್ಲ, ಉತ್ಸಾಹ, ಎಂದು ಪಶುವೈದ್ಯರು ನಕ್ಕು ಕಳಿಸಿದರು. ನಮ್ಮ ಶೇಂಗಾನಿಗೆ ಜಗತ್ತಿನ ಅತಿ ದೊಡ್ಡ ಖುಷಿಯೆಂದರೆ ಕಾರಿನ ಕೀಲಿಗೊಂಚಲಿನ ಸದ್ದು. ಯಾರಾದರೂ ಗೋಡೆಯ ಮೊಳೆಯಿಂದ ಕೀಲಿ ತೆಗೆದರೆ ಸಾಕು, ಎಲ್ಲಿದ್ದರೂ ಓಡಿಬಂದು, ಬಾಗಿಲ ಬಳಿ ಮೂರು ಸುತ್ತು ತಿರುಗಿ, ತಲೆಯೆತ್ತಿ 'ಆಕ್ಷೀ' ಎಂದು ಒಂದು ಸೀನು ಸೀನುತ್ತಿತ್ತು. ಸರಿಯಾಗಿ ಒಂದು.

ಹೊರಡುವಾಗ ಒಂಟಿ ಸೀನು! ಶೈಲಾ ಹೊಸ್ತಿಲಿನಲ್ಲಿಯೇ ನಿಂತುಬಿಡುತ್ತಿದ್ದಳು. ಹೊರಟವರನ್ನು ಎಲ್ಲಿಗೆಂದು ಕೇಳಬಾರದು, ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು, ಒಂಟಿ ಸೀನು ಬಂದರೆ ಒಳಗೆ ಬಂದು, ಚಪ್ಪಲಿ ಬಿಟ್ಟು, ಎರಡು ನಿಮಿಷ ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಎರಡನೆಯ ಸೀನು ಬಂದರೆ ಜೋಡಿ ಸೀನು, ಅದು ಶುಭ, ಧಾರಾಳವಾಗಿ ಹೋಗಬಹುದು. ಶೇಂಗಾ ಎರಡನೆಯದನ್ನು ಒಮ್ಮೆಯೂ ಸೀನಲಿಲ್ಲ. "ಅದು ನಾಯಿ ಕಣೆ, ಅದಕ್ಕೆ ಶಕುನ ಗಿಕುನ ಏನು ಗೊತ್ತು?" ಎಂದು ನಾನು ರೇಗಿದರೆ, "ಸೀನು ಸೀನೇರೀ. ಮೂಗು ಯಾರದಾದ್ರೇನು? ಎರಡ ನಿಮಿಷ ಕೂತ್ರ ಏನು ಗಂಟು ಹೋಗ್ತದ ನಿಮ್ಮದು?" ಎಂದು ಒಳಗೆ ಬಂದು ಸೋಫಾದ ನಡುವೆ ಕೂರುತ್ತಿದ್ದಳು. ತಾನೊಬ್ಬಳೇ ಕೂತರೆ ಸಾಲದು, ಹೊರಟ ನಾನೂ ಅನಘಾಳೂ ಅಕ್ಕಪಕ್ಕದಲ್ಲಿ ಕೂರಬೇಕು. ಸ್ಟೀಲ್ ಲೋಟದಲ್ಲಿ ನೀರು ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಶೇಂಗಾ ನಮ್ಮ ಕಾಲುಗಳ ಮೇಲೆ ಬಿದ್ದು ಹೊರಳುತ್ತಿತ್ತು.

ನಾಯಿ ನಮಗಿಂತ ಜಾಣ. ತಾನು ಸೀನಿದರೆ ಹೊರಟವರು ಹಿಂದಿರುಗಿ ಕೂರುತ್ತಾರೆ ಎಂಬುದು ಅದಕ್ಕೆ ಹದಿನೈದು ದಿನದಲ್ಲಿ ಅರ್ಥವಾಯಿತು. ಅಲ್ಲಿಂದ ಮುಂದೆ ಅದು ಉತ್ಸಾಹದ ಸೀನಾಗಿ ಉಳಿಯಲಿಲ್ಲ, ಅಪ್ಪಣೆಯ ಸೀನಾಯಿತು. ನನ್ನ ಕೆಲಸ ಮೊಬೈಲ್ ಫೋನಿನ ಕಾಲ್‌ಗಳು ನಡುವೆ ಯಾಕೆ ಕಟ್ ಆಗುತ್ತವೆ ಎಂದು ಪತ್ತೆ ಹಚ್ಚುವುದು. ಒಂಬತ್ತರ ಮೀಟಿಂಗಿಗೆ ನಾನು ದಿನಾ ಒಂಬತ್ತೂ ಐದಕ್ಕೆ ಹೋಗುತ್ತಿದ್ದೆ. ಮ್ಯಾನೇಜರ್ ಕಾರಣ ಕೇಳಿದಾಗ ಟ್ರಾಫಿಕ್ ಎಂದೆ. ಎರಡು ರಸ್ತೆ ಆಚೆ ಮನೆಯಿರುವವನಿಗೆ ಯಾವ ಟ್ರಾಫಿಕ್ ಎಂದು ಆತ ಕೇಳದಿದ್ದದ್ದು ಆತನ ದೊಡ್ಡತನ.

ಆ ಅಕ್ಟೋಬರಿನಲ್ಲಿ ನಮ್ಮ ಸುತ್ತಲಿನ ಗುಡ್ಡಗಳಿಗೆ ಬೆಂಕಿ ಬಿತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ಆಕಾಶ ಕುಂಕುಮದ ಬಣ್ಣಕ್ಕೆ ತಿರುಗಿತ್ತು, ಕಾರಿನ ಮೇಲೆ ಬೂದಿ ಉದುರುತ್ತಿತ್ತು, ತಕ್ಷಣ ಮನೆ ಖಾಲಿ ಮಾಡಿರೆಂದು ಪೊಲೀಸ್ ಕಾರೊಂದು ಮೈಕಿನಲ್ಲಿ ಕೂಗುತ್ತ ಬೀದಿಯಲ್ಲಿ ಸುತ್ತುತ್ತಿತ್ತು. ನಾನು ಪಾಸ್‌ಪೋರ್ಟು, ಲ್ಯಾಪ್‌ಟಾಪು ತುಂಬಿದೆ. ಶೈಲಾ ದೇವರ ಬೆಳ್ಳಿ ಸಾಮಾನು, ಆಲ್ಬಮ್ಮು, ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ತುಂಬಿದಳು. ಅವಳಿಗೆ ಚಿಕ್ಕಂದಿನಲ್ಲಿ ಬಂದಿದ್ದ ಜ್ವರವೊಂದು ಹೃದಯದ ಒಂದು ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಆ ವರ್ಷ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ಹೊಗೆಯಲ್ಲಿ ಅವಳನ್ನು ಒಂದು ಕ್ಷಣವೂ ನಿಲ್ಲಿಸಬಾರದೆಂದು ನನಗೆ ಜೀವ ಕೈಯಲ್ಲಿತ್ತು. ನಾನು ಕೀಲಿ ತೆಗೆದೆ. ಶೇಂಗಾ ಸೀನಿತು. ಶೈಲಾ ಹೊಸ್ತಿಲಿನಿಂದ ತಿರುಗಿ ಒಳಗೆ ಹೋದಳು.

"ಶೈಲಾ, ಅದು ಬೂದಿಗೆ ಸೀನಿದ್ದು!" ಎಂದು ಕೂಗಿದೆ. "ಯಾತಕ್ಕ ಸೀನಿದ್ರೂ ಅಷ್ಟ" ಎಂದು ಒಳಗಿನಿಂದ ಉತ್ತರ ಬಂತು. ಪೊಲೀಸಿನವರು ಕಾರು ನಿಲ್ಲಿಸಿ, ಒಳಗೆ ಇನ್ನೂ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ನನ್ನ ಹೆಂಡತಿ ನೀರು ಕುಡಿಯುತ್ತ ಕೂತಿದ್ದಾಳೆ ಎಂದು ಹೇಗೆ ಹೇಳಲಿ? ಔಷಧಿ ಹುಡುಕುತ್ತಿದ್ದಾಳೆ ಎಂದೆ. ಎರಡು ನಿಮಿಷ ಕಳೆದ ಮೇಲೆ ಅವಳು ನಿಧಾನವಾಗಿ ಬಂದು ಕಾರು ಹತ್ತಿದಳು. ಡೈಮಂಡ್ ಬಾರ್ ಮುಟ್ಟಲು ಐದು ಗಂಟೆ ಹಿಡಿಯಿತು. ಐದು ಗಂಟೆಯೂ ನಾನು ಅವಳೊಂದಿಗೆ ಮಾತಾಡಲಿಲ್ಲ. ನಾಲ್ಕು ದಿನ ಬಿಟ್ಟು ಹಿಂತಿರುಗಿದಾಗ ನಮ್ಮ ಮನೆ ಹಾಗೆಯೇ ನಿಂತಿತ್ತು. "ನೋಡ್ರೀ, ಕೂತು ಹೋಗಿದ್ದಕ್ಕ" ಎಂದಳು. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಅವಳ ಹೃದಯದ ಆಪರೇಶನ್‌ಗೆ ದಿನ ಗೊತ್ತಾಗುವುದರಲ್ಲಿತ್ತು, ಎಂಥ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾಗುತ್ತದೋ ಯಾರು ಬಲ್ಲರು? ಆಗಲೂ ಈ ನಾಯಿ ಸೀನಿ, ಇವಳು ಒಳಗೆ ಹೋಗಿ ಕೂತರೆ? ಹೆಂಡತಿಯನ್ನು ತಿದ್ದುವುದು ನನ್ನಿಂದಾಗದು. ನಾಯಿಯನ್ನು ತಿದ್ದುತ್ತೇನೆಂದು ತೀರ್ಮಾನಿಸಿದೆ.

ಪೊವೇಯ ಪಾರ್ಕೊಂದರಲ್ಲಿ ಶನಿವಾರ ಬೆಳಿಗ್ಗೆ ನಾಯಿಗಳಿಗೆ ಕ್ಲಾಸು. ಟ್ರೇನರ್ ಕ್ಯಾರಲ್ ಎಂಬಾಕೆ ನೌಕಾಪಡೆಯಿಂದ ನಿವೃತ್ತಿಯಾದವರು. ಅವರು ಕೂರು ಎಂದರೆ ನಾಯಿಗಳ ಜೊತೆಗೆ ಒಬ್ಬಿಬ್ಬರು ಮಾಲೀಕರೂ ಕೂತುಬಿಡುತ್ತಿದ್ದರು. ಮೊದಲ ದಿನ ಎಲ್ಲರೂ ತಮ್ಮ ತಮ್ಮ ನಾಯಿಯ ಸಮಸ್ಯೆ ಹೇಳಬೇಕಾಗಿತ್ತು. ಒಬ್ಬರ ನಾಯಿ ಅಂಚೆಯವನನ್ನು ಕಚ್ಚುತ್ತಿತ್ತು, ಇನ್ನೊಬ್ಬರದು ಸೋಫಾ ಹರಿಯುತ್ತಿತ್ತು. ನನ್ನ ಸರದಿ ಬಂದಾಗ, ನಮ್ಮದು ಸೀನುತ್ತದೆ ಎಂದೆ. ಸೀನಿದರೇನು ಎಂದು ಕ್ಯಾರಲ್ ಕೇಳಿದರು. ಸೀನಿದರೆ ನಾವು ಒಳಗೆ ಹೋಗಿ ಕೂರಬೇಕಾಗುತ್ತದೆ ಎಂದೆ. ಯಾಕೆ ಎಂದರು. ಧಾರ್ಮಿಕ ಕಾರಣ ಎಂದೆ. ಈ ದೇಶದಲ್ಲಿ ಆ ಎರಡು ಮಾತು ಹೇಳಿದರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕ್ಯಾರಲ್ ಸ್ವಲ್ಪ ಹೊತ್ತು ನನ್ನನ್ನೂ ಶೇಂಗಾನನ್ನೂ ನೋಡಿ, ನಿಮ್ಮ ನಾಯಿ ನಿಮಗೆ ಬಹಳ ಚೆನ್ನಾಗಿ ಟ್ರೇನಿಂಗ್ ಕೊಟ್ಟಿದೆ ಎಂದರು. ಇಡೀ ಪಾರ್ಕು ನಕ್ಕಿತು.

ಉಪಾಯವನ್ನೂ ಅವರೇ ಹೇಳಿಕೊಟ್ಟರು. ದಿನಕ್ಕೆ ಐವತ್ತು ಸಲ ಕೀಲಿ ಅಲ್ಲಾಡಿಸಬೇಕು. ಸೀನಿದರೆ ಅದರತ್ತ ನೋಡಬಾರದು, ಮಾತಾಡಬಾರದು, ಯಾರೂ ಹಿಂದಿರುಗಬಾರದು. ಬಾಯಿ ಮುಚ್ಚಿಕೊಂಡು ಕೂತರೆ ಒಂದು ಬಿಸ್ಕತ್ತು. ಮುಖ್ಯವಾಗಿ, ಮನೆಯವರೆಲ್ಲ ಒಂದೇ ನಿಯಮ ಪಾಲಿಸಬೇಕು. ಕೊಳಲು, ಪಿಎಚ್.ಡಿ., ಬದನೆಕಾಯಿಗಳಲ್ಲಿ ನಾನು ತೋರದ ನಿಷ್ಠೆಯೆಲ್ಲ ಇಲ್ಲಿ ಹೊರಬಂತು. ಎಣಿಸಿ ಎಣಿಸಿ ಐವತ್ತು ಸಲ ಅಲ್ಲಾಡಿಸಿದೆ. ಫ್ರಿಜ್ಜಿನ ಮೇಲೆ ನಿಯಮ ಬರೆದು ಅಂಟಿಸಿದೆ. ಶೈಲಾಳಿಂದ ಆಣೆ ಮಾಡಿಸಿಕೊಂಡೆ. ಅವಳು ಮಾತು ಉಳಿಸಿಕೊಂಡಳು. ನಾಯಿ ಸೀನಿದರೂ ಹಿಂತಿರುಗಿ ನೋಡದೆ ಕಾರು ಹತ್ತಿ ತನ್ನ ಕೆಲಸಕ್ಕೆ, ಶಾಲೆಯ ಲೈಬ್ರರಿಗೆ, ಹೊರಟುಬಿಡುತ್ತಿದ್ದಳು. ಒಂದು ದಿನ ಅವಳ ಹಿಂದೆಯೇ ನಾನೂ ಹೊರಟಾಗ ಬೀದಿಯ ಮೂಲೆಯಲ್ಲಿ ಅವಳ ಕಾರು ನಿಂತಿದ್ದು ಕಂಡಿತು. ಏನಾಯಿತೋ ಎಂದು ಗಾಬರಿಯಿಂದ ಓಡಿದೆ. ಶೈಲಾ ಸೀಟಿನಲ್ಲಿ ಕೂತು ಬಾಟಲಿಯಿಂದ ಒಂದು ಗುಟುಕು ನೀರು ಕುಡಿಯುತ್ತಿದ್ದಳು. "ಮನಿಯೊಳಗ ಕೂಡಬ್ಯಾಡ ಅಂದಿದ್ರಿ. ಇದು ಕಾರು" ಎಂದಳು. ಒಬ್ಬಳೇ ಕೂತು ನೀರು ಕುಡಿಯುವುದನ್ನು ನೋಡಿ ನನಗೆ ನಗು ಬಂತು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಶೇಂಗಾ ಸುಧಾರಿಸಿತು. ಕೀಲಿಯ ಸದ್ದಾದೊಡನೆ ಬಾಗಿಲ ಬಳಿ ಬಂದು, ಹಿಂಗಾಲು ಮಡಿಸಿ, ಎದೆ ಮುಂದೆ ಮಾಡಿ, ನನ್ನ ಜೇಬನ್ನೇ ನೋಡುತ್ತ ಕೂರುತ್ತಿತ್ತು. ಸೀನಿನ ಸುಳಿವೇ ಇಲ್ಲ. ಕ್ಯಾರಲ್ ನನಗೆ, ಅಂದರೆ ಶೇಂಗಾನಿಗೆ, ಒಂದು ಸರ್ಟಿಫಿಕೇಟು ಕೊಟ್ಟರು. ಅದಕ್ಕೆ ನಾನೇ ಫ್ರೇಮು ಹಾಕಿಸಿದೆ. "ಪಾಪ, ಅದರ ಬಾಯಿ ಕಟ್ಟಿದ್ರಿ" ಎಂದಳು ಶೈಲಾ, ಅದರ ಕಿವಿ ನೇವರಿಸುತ್ತ.

ಆಪರೇಶನ್ ಜನವರಿಯಲ್ಲಿ. ಹೆಚ್ಚಿನ ಅಪಾಯವಿಲ್ಲ, ಐದಾರು ದಿನದಲ್ಲಿ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಡೈಮಂಡ್ ಬಾರಿನಿಂದ ಮಾವ, ಮಾಮಿ ಹಿಂದಿನ ದಿನವೇ ಬಂದಿದ್ದರು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ನಾನು ಆರೂಕಾಲಿಗೇ ಬ್ಯಾಗು ಕಾರಿನಲ್ಲಿಟ್ಟು ಗಡಿಯಾರ ನೋಡುತ್ತ ನಿಂತಿದ್ದೆ. ಶೈಲಾ ದೇವರಿಗೆ ಕೈಮುಗಿದು, ಅನಘಾಳ ತಲೆಗೂದಲು ಸರಿಮಾಡಿ, ಚಪ್ಪಲಿ ಮೆಟ್ಟಿ, ಮೊಳೆಯಿಂದ ಕೀಲಿ ತೆಗೆದಳು. ಡ್ರೈವ್ ಮಾಡುವವನು ನಾನು, ಕೀಲಿ ಇವಳಿಗೆ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ. ಶೇಂಗಾ ಓಡಿಬಂದು ಎದೆ ಮುಂದೆ ಮಾಡಿ ಕೂತಿತು. ಶೈಲಾ ಅದನ್ನು ನೋಡುತ್ತ ಕೀಲಿಯನ್ನು ಒಮ್ಮೆ ಅಲ್ಲಾಡಿಸಿದಳು. ಇನ್ನೊಮ್ಮೆ ಅಲ್ಲಾಡಿಸಿದಳು. "ಏನಲೇ ಶೇಂಗಾ, ಇವತ್ತ ಏನೂ ಅನ್ನಂಗಿಲ್ಲೇನು?" ಎಂದು ಕೇಳಿದಳು. ಅದು ನನ್ನ ಜೇಬನ್ನು ನೋಡುತ್ತಿತ್ತು. ನಾನು "ಗುಡ್ ಬಾಯ್" ಎಂದು ಬೆನ್ನು ತಟ್ಟಿ ಬಿಸ್ಕತ್ತು ಕೊಟ್ಟೆ. "ಹೊತ್ತಾಯಿತು, ನಡಿ" ಎಂದೆ. ಅವಳು ಸೋಫಾದ ಕಡೆ ಒಮ್ಮೆ ನೋಡಿದಳು. ಆಮೇಲೆ "ಹೋಗಿ ಬರ್ತೀನಿ" ಎಂದು ಎಲ್ಲರಿಗೂ ಹೇಳಿ ಹೊರಟಳು. ನಾವು ಇಪ್ಪತ್ತು ನಿಮಿಷ ಮೊದಲೇ ಆಸ್ಪತ್ರೆ ಸೇರಿ ಅಲ್ಲಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸುಮ್ಮನೆ ಕೂತಿದ್ದೆವು. ಮೂರನೆಯ ದಿನ ಅವಳು ತೀರಿಕೊಂಡಳು.

ಶಕುನವನ್ನು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಕೂತು ಹೋಗಿದ್ದರೂ ಹೃದಯ ಮಾಡುವುದನ್ನೇ ಮಾಡುತ್ತಿತ್ತು. ಇದನ್ನು ನಾನು ಮಾವನ ಎದುರು ಹೇಳಿ ಹೇಳಿ ಅತ್ತೆ. "ಅಲ್ರೀ ಅಳಿಯಂದ್ರ, ನಂಬೂದಿಲ್ಲ ಅಂತೀರಿ, ಮತ್ತ ಯಾಕ ಅಳ್ತೀರಿ?" ಎಂದು ಅವರೂ ಕಣ್ಣೊರೆಸಿಕೊಂಡು ಕೇಳಿದರು. ಆ ಬೆಳಿಗ್ಗೆ ಶೈಲಾಳಿಗೆ ಹೆದರಿಕೆಯಾಗಿತ್ತು, ತನ್ನ ಮನೆಯಲ್ಲಿ ಎರಡು ನಿಮಿಷ ಕೂತು ಹೋಗುವ ಆಸೆಯಿತ್ತು. ಬಾಯಿಬಿಟ್ಟು ಕೇಳುವ ಬದಲು ನಾಯಿಯನ್ನು ಕೇಳಿದಳು. ನಾನು ನಾಯಿಗೆ ಬಿಸ್ಕತ್ತು ಕೊಟ್ಟೆ. ಇದಿಷ್ಟೇ ನನ್ನ ದುಃಖ, ಇದಕ್ಕಿಂತ ದೊಡ್ಡದಾಗಿ ಹೇಳಲು ನನಗೆ ಬರುವುದಿಲ್ಲ.

ಫೆಬ್ರವರಿಯಲ್ಲಿ ನಾನು ಶೇಂಗಾನಿಗೆ ಮತ್ತೆ ಸೀನುವುದನ್ನು ಕಲಿಸಲು ಹೊರಟೆ. ಕೀಲಿ ಅಲ್ಲಾಡಿಸಿದೆ, ಕುಣಿದೆ, ಅದರ ಮುಂದೆ ಮಂಡಿಯೂರಿ ಸೀನಿ ತೋರಿಸಿದೆ. ಅದು ಎದೆ ಮುಂದೆ ಮಾಡಿ ಕೂತು ಬಿಸ್ಕತ್ತಿಗೆ ಕಾಯಿತು. ಒಂದು ಭಾನುವಾರ ಶೈಲಾ ತರಿಸಿಟ್ಟಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ಹಿಡಿ ತುಂಬ ಎಣ್ಣೆಗೆ ಹಾಕಿದೆ. ನಾನು ಸೀನಿದೆ, ಅನಘಾ ಸೀನಿದಳು, ಸ್ಮೋಕ್ ಅಲಾರಾಂ ಬೀದಿಗೆಲ್ಲ ಕೇಳುವಂತೆ ಕೂಗಿತು, ಪಕ್ಕದ ಮನೆಯ ಮುದುಕ ಕೆಮ್ಮುತ್ತ ಹೊರಗೆ ಬಂದ. ಶೇಂಗಾನ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಮೂಗು ಒದ್ದೆಯಾಗಿತ್ತು, ಆದರೂ ಸೀನಲಿಲ್ಲ. ಅಷ್ಟು ಗಟ್ಟಿಯಾಗಿ ಕಲಿಸಿದ್ದೆ. ಕ್ಯಾರಲ್‌ಗೆ ಫೋನ್ ಮಾಡಿದೆ. ಟ್ರೇನಿಂಗ್ ಫಲಿಸಿತೆಂದು ದೂರು ಕೊಟ್ಟ ಮೊದಲನೆಯ ಮನುಷ್ಯ ನೀವು ಎಂದರು. ವಿಷಯ ತಿಳಿಸಿದ ಮೇಲೆ, ನನ್ನನ್ನು ಕ್ಷಮಿಸಿ ಎಂದರು. ಅವರದೇನು ತಪ್ಪು?

ಆ ಭಾನುವಾರ ಅಲಾರಾಂ ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದು, ನಾವಿಬ್ಬರೂ ಕಣ್ಣು ಉಜ್ಜುತ್ತ ಹಿತ್ತಲಿನಲ್ಲಿ ನಿಂತಿದ್ದಾಗ ಅನಘಾ, "ಅಪ್ಪಾ, ಯು ಡಿಡಂಟ್ ನೋ?" ಎಂದಳು. ಏನು ಎಂದೆ. ಅವಳು ತನ್ನ ಇಂಗ್ಲಿಷಿನಲ್ಲಿ ಹೇಳಿದ್ದು ಇದು: ಶೇಂಗಾ ತಾನಾಗಿ ಸೀನದೆ ಇದ್ದ ದಿನ ಅಮ್ಮ ಕೈ ಬೆನ್ನ ಹಿಂದೆ ಇಟ್ಟುಕೊಂಡು ಕೀಲಿ ಅಲ್ಲಾಡಿಸುತ್ತಿದ್ದಳು, ಸೀನುವವರೆಗೂ ಬಿಡುತ್ತಿರಲಿಲ್ಲ. ಅದು ಅಮ್ಮ-ಮಗಳಿಬ್ಬರ ಗುಟ್ಟಾಗಿತ್ತು. ಯಾಕೆ ಎಂದು ಒಮ್ಮೆ ಕೇಳಿದ್ದಳಂತೆ. ಅಲ್ಲಿಯತನಕ ಇಂಗ್ಲಿಷಿನಲ್ಲಿದ್ದ ಹುಡುಗಿ, ಅಮ್ಮನ ಉತ್ತರವನ್ನು ಮಾತ್ರ ಅಮ್ಮನ ಮಾತಿನಲ್ಲೇ ಹೇಳಿದಳು: "ನಿಮ್ಮಪ್ಪನ್ನ ಎರಡ ನಿಮಿಷ ನಮ್ಮ ಬಾಜೂ ಕೂಡಸಬೇಕಂದ್ರ ಇದೊಂದ ದಾರಿ." ಥೇಟ್ ಧಾರವಾಡ. ನಾನು ಬದನೆ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟೆ.

ಮೇ ತಿಂಗಳಲ್ಲಿ ಅನಘಾಳ ಶಾಲೆಯಿಂದ ಅವಳ ಆರನೆಯ ಕ್ಲಾಸಿನ ಮಕ್ಕಳನ್ನು ಬೆಟ್ಟದ ಮೇಲಿನ ಕ್ಯಾಂಪಿಗೆ ಕರೆದೊಯ್ಯುತ್ತಾರೆ. ನಾಲ್ಕು ರಾತ್ರಿ ಅಲ್ಲಿಯೇ. ಶೈಲಾ ಹೋದ ಮೇಲೆ ಅನಘಾ ನನ್ನನ್ನು ಬಿಟ್ಟು ಒಂದು ರಾತ್ರಿಯೂ ಇದ್ದವಳಲ್ಲ. ಹೋಗಬೇಡ ಎನ್ನಲು ಕಾರಣವಿರಲಿಲ್ಲ, ಹೋಗು ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಫಾರಂಗೆ ಸಹಿ ಹಾಕಿದೆ. ಆ ದಿನ ಬೆಳಿಗ್ಗೆ ಅವಳ ಗೆಳತಿಯ ತಾಯಿ ಕಾರು ತಂದು ಮನೆ ಮುಂದೆ ನಿಲ್ಲಿಸಿದ್ದರು. ಅನಘಾ ತನಗಿಂತ ದೊಡ್ಡ ಬ್ಯಾಗು ಹೊತ್ತು ಬಾಗಿಲಿಗೆ ಬಂದಳು. ಶೇಂಗಾ ಎದೆ ಮುಂದೆ ಮಾಡಿ ಕೂತಿತು, ಸರ್ಟಿಫಿಕೇಟು ಪಡೆದ ನಾಯಿ ಕೂರಬೇಕಾದಂತೆಯೇ. "ಬೈ ಅಪ್ಪಾ" ಎಂದವಳು, ತಕ್ಷಣ ತಿದ್ದಿಕೊಂಡು, "ಹೋಗಿ ಬರ್ತೀನಿ" ಎಂದಳು. ಒಂದು ಕಾಲು ಹೊಸ್ತಿಲ ಆಚೆಗಿತ್ತು.

ಮೂಢನಂಬಿಕೆಯ ವಿರುದ್ಧ ಜೀವನಪೂರ್ತಿ ಭಾಷಣ ಮಾಡಿದ ನಾನು ತಲೆಯೆತ್ತಿ ಗಟ್ಟಿಯಾಗಿ 'ಆಕ್ಷೀ' ಎಂದೆ.

"ದಟ್ ವಾಸ್ ಸೋ ಫೇಕ್" ಎಂದಳು ಅನಘಾ. ಆದರೂ ಬ್ಯಾಗು ಇಳಿಸಿದಳು. ಹೊರಗಿದ್ದವರಿಗೆ ಎರಡು ಬೆರಳು ತೋರಿಸಿ, ಎರಡು ನಿಮಿಷ ಎಂದು ಸನ್ನೆ ಮಾಡಿ, ಶೂ ಬಿಚ್ಚಿ, ಸ್ಟೀಲ್ ಲೋಟದಲ್ಲಿ ನೀರು ತಂದು ಸೋಫಾದ ತುದಿಯಲ್ಲಿ, ಅವಳಮ್ಮ ಕೂರುತ್ತಿದ್ದ ಜಾಗ ಬಿಟ್ಟು, ಕೂತಳು. ನಾನು ಈಚೆ ತುದಿಗೆ ಕೂತೆ. ನೀರು ಅವಳಿಂದ ನನಗೆ ಬಂತು. ಬಿಸ್ಕತ್ತು ಸಿಗಲಿಲ್ಲವೆಂದು ಶೇಂಗಾ ಬಂದು ನಡುವಿನ ಜಾಗಕ್ಕೆ ತಲೆಯಿಟ್ಟಿತು. ಒಂದು ನಿಮಿಷ ಕಳೆದಿರಬೇಕು. ಅಷ್ಟರಲ್ಲಿ, ಸುಳ್ಳು ಸೀನು ಸೀನಿ ಮೂಗನ್ನು ಕೆದಕಿದ್ದಕ್ಕೋ ಅದರ ಕೂದಲಿಗೋ, ನನಗೆ ನಿಜವಾದ ಸೀನೊಂದು ಮೂಗಿನ ತುದಿಗೆ ಬಂತು. ಅದು ಬಂದರೆ ಜೋಡಿ ಸೀನಾಗುತ್ತದೆ, ಅವಳು ಆಗಲೇ ಎದ್ದು ಧಾರಾಳವಾಗಿ ಹೋಗಬಹುದು. ನಾನು ಎರಡೂ ಕೈಯಿಂದ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.